ದಾವಣಗೆರೆಯ ನಾಯಿಮರಿಯನ್ನು ಡಲ್ಲಾಸ್‌ಗೆ ಕರೆತರಬೇಕು, ಕ್ವಾರಂಟೈನ್ ನಿಯಮ ಗೊತ್ತಿದ್ದವರು ದಯವಿಟ್ಟು ಹೇಳಿ

ದಾವಣಗೆರೆ ಮಗಳು (ಫೆಬ್ರವರಿ 2025)

ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸ್‌ನಲ್ಲಿದ್ದೇವೆ. ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಅಪ್ಪನ ಮನೆ ಹಿಂದಿನ ಚರಂಡಿ ಪಕ್ಕ ಒಂದು ಹೆಣ್ಣು ಮರಿ ಸಿಕ್ಕಿತು. ತಾಯಿ ನಾಯಿ ಹಿಂದಿನ ದಿನವೇ ಲಾರಿಗೆ ಸಿಕ್ಕಿ ಸತ್ತಿತ್ತು. ಉಳಿದ ಮರಿಗಳು ಬದುಕಲಿಲ್ಲ. ಇವಳೊಬ್ಬಳು ಉಳಿದಳು. ಹಣೆ ಮೇಲೆ ಬಿಳಿ ಬೊಟ್ಟು ಇರುವುದರಿಂದ ಚುಕ್ಕಿ ಅಂತ ಹೆಸರಿಟ್ಟೆವು. ಹಲ್ಲು ನೋಡಿದ ಡಾಕ್ಟರು ಡಿಸೆಂಬರ್ ಮೊದಲ ವಾರ ಹುಟ್ಟಿರಬೇಕು ಅಂದರು.

ರಜೆ ಮುಗಿದು ನಾವು ವಾಪಸ್ ಬಂದೆವು. ಚುಕ್ಕಿ ಈಗ ಅಪ್ಪ ಅಮ್ಮನ ಹತ್ತಿರ ಇದ್ದಾಳೆ. ಅಪ್ಪನಿಗೆ 74 ವರ್ಷ, ಮಂಡಿ ನೋವು. ಬೆಳೆದ ನಾಯಿಯನ್ನು ದಿನಾ ಓಡಾಡಿಸಲು ಅವರಿಂದ ಆಗುವುದಿಲ್ಲ. ನನ್ನ ಎಂಟು ವರ್ಷದ ಮಗ ಪ್ರತಿ ರಾತ್ರಿ ವಿಡಿಯೋ ಕಾಲ್‌ನಲ್ಲಿ ಅವಳನ್ನು ನೋಡಿಯೇ ಮಲಗುವುದು. ಅವಳನ್ನು ಇಲ್ಲಿಗೆ ಕರೆತರಲು ಏನೇನು ಮಾಡಬೇಕು? ಒಂದು ತಿಂಗಳು ಕ್ವಾರಂಟೈನ್‌ನಲ್ಲಿ ಇಡುತ್ತಾರೆ ಅಂತ ಯಾರೋ ಹೇಳಿದರು. ನಿಜವಾ? ಅಷ್ಟು ಚಿಕ್ಕ ಜೀವವನ್ನು ಒಂದೇ ಗೂಡಿನಲ್ಲಿ ಬಿಡುವುದು ನೆನೆಸಿಕೊಂಡರೆ ಹೊಟ್ಟೆ ಹಿಂಡುತ್ತದೆ.

ಪಶುವೈದ್ಯೆ, ಬೆಂಗಳೂರು

ಮೊದಲು ಸಮಾಧಾನ ಮಾಡಿಕೊಳ್ಳಿ. ಎಲ್ಲಾ ಕ್ರಮವಾಗಿ ಮಾಡಿದರೆ ಆ 28 ದಿನದ ಕ್ವಾರಂಟೈನ್ ತಪ್ಪಿಸಬಹುದು. ಆದರೆ ಅವಸರ ಮಾಡುವ ಹಾಗಿಲ್ಲ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ, ಅಂದರೆ ಸಿಡಿಸಿ, 2024ರ ಆಗಸ್ಟ್ 1ರಿಂದ ಹೊಸ ನಿಯಮ ತಂದಿದೆ. ಯಾವ ದೇಶದಿಂದ ಬಂದರೂ ನಾಯಿಗೆ ಕನಿಷ್ಠ ಆರು ತಿಂಗಳು ಆಗಿರಬೇಕು. ಮೈಯಲ್ಲಿ ಗುರುತಿನ ನಂಬರ್ ಇರುವ ಮೈಕ್ರೋಚಿಪ್ ಇರಬೇಕು. ಡಾಗ್ ಇಂಪೋರ್ಟ್ ಫಾರ್ಮ್ ಅನ್ನು ಆನ್‌ಲೈನ್‌ನಲ್ಲಿ ತುಂಬಿ ಅದರ ರಸೀದಿ ಇಟ್ಟುಕೊಳ್ಳಬೇಕು. ಇಷ್ಟು ಎಲ್ಲರಿಗೂ. ನಾಯಿಯಿಂದ ಹರಡುವ ರೇಬೀಸ್ ಜಾಸ್ತಿ ಇರುವ ದೇಶಗಳ ಪಟ್ಟಿಯಲ್ಲಿ ಭಾರತವಿದೆ. ಹಾಗಾಗಿ ನಮಗೆ ಇನ್ನೂ ಕೆಲವು ಕೆಲಸ ಸೇರುತ್ತದೆ.

ಚಿಪ್ ಮೊದಲು, ರೇಬೀಸ್ ಲಸಿಕೆ ಆಮೇಲೆ. ಈ ಕ್ರಮ ತಪ್ಪಬಾರದು. ಚಿಪ್ ಇಲ್ಲದ ನಾಯಿಗೆ ಹಾಕಿದ ಲಸಿಕೆ ಅವರ ಲೆಕ್ಕಕ್ಕೆ ಬರುವುದೇ ಇಲ್ಲ, ಯಾಕೆಂದರೆ ಆ ಲಸಿಕೆ ಬಿದ್ದಿದ್ದು ಇದೇ ನಾಯಿಗೆ ಅನ್ನಲು ಗುರುತಿಲ್ಲ. ಲಸಿಕೆ ಹಾಕುವಾಗ ಮರಿಗೆ 12 ವಾರ ತುಂಬಿರಬೇಕು. ಅದಕ್ಕಿಂತ ಮುಂಚೆ ತಾಯಿ ಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿ ಉಳಿದಿರಬಹುದು. ಅದು ಇದ್ದರೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಲಸಿಕೆ ಹಾಕಿ ಕನಿಷ್ಠ 30 ದಿನ ಆದ ಮೇಲೆ ರಕ್ತ ತೆಗೆದು, ಅದರಲ್ಲಿ ರೇಬೀಸ್ ಪ್ರತಿಕಾಯ ಎಷ್ಟಿದೆ ಅಂತ ಅಳೆಯುವ ಟೈಟರ್ ಟೆಸ್ಟ್‌ಗೆ ಕಳಿಸಬೇಕು. ಪ್ರತಿಕಾಯ ಒಂದು ಮಿಲಿಲೀಟರ್‌ಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. ಲ್ಯಾಬ್ ಸಿಡಿಸಿ ಒಪ್ಪಿದ ಪಟ್ಟಿಯಲ್ಲೇ ಇರಬೇಕು, ಕಳಿಸುವ ಮುಂಚೆ ಪಟ್ಟಿ ನೋಡಿ. ರಕ್ತ ತೆಗೆದ ದಿನದಿಂದ ಕನಿಷ್ಠ 28 ದಿನ ಕಳೆದ ಮೇಲೆ ಅಮೆರಿಕದಲ್ಲಿ ಇಳಿಯಬಹುದು.

ಚುಕ್ಕಿಯ ಲೆಕ್ಕ ಹಾಕೋಣ. ಮಾರ್ಚ್ 8ರ ಹೊತ್ತಿಗೆ 12 ವಾರ ದಾಟಿರುತ್ತದೆ. ಅವತ್ತು ಚಿಪ್ ಹಾಕಿಸಿ, ಸ್ಕ್ಯಾನರ್‌ನಲ್ಲಿ ನಂಬರ್ ಓದಿಸಿ, ಆಮೇಲೆ ಲಸಿಕೆ. ಮೂರ್ನಾಲ್ಕು ವಾರ ಬಿಟ್ಟು ಬೂಸ್ಟರ್ ಹಾಕಿಸಿ. ಒಂದೇ ಡೋಸ್ ಆದ ಎಳೆ ಮರಿಗಳಲ್ಲಿ ಟೈಟರ್ ಕಮ್ಮಿ ಬರುವುದನ್ನು ನಾನು ನೋಡಿದ್ದೇನೆ. ಏಪ್ರಿಲ್ ಮಧ್ಯದಲ್ಲಿ ರಕ್ತ ಕೊಡಬಹುದು. ಆರು ತಿಂಗಳು ತುಂಬುವುದು ಜೂನ್ ಮೊದಲ ವಾರ. ಹುಟ್ಟಿದ ದಿನ ಅಂದಾಜಿನದು, ಹಾಗಾಗಿ ಜುಲೈಗಿಂತ ಮುಂಚೆ ಟಿಕೆಟ್ ನೋಡಬೇಡಿ.

ಆಸ್ಟಿನ್ ಗೆಳೆಯ

ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಕೇಳಲೇಬೇಕು. ಇಲ್ಲಿನ ಶೆಲ್ಟರ್‌ಗಳಲ್ಲಿ ಮನೆ ಇಲ್ಲದ ನಾಯಿಗಳು ಎಷ್ಟೊಂದಿವೆ. ಅದೇ ದುಡ್ಡಿನಲ್ಲಿ ಅಲ್ಲಿ ಹತ್ತು ಬೀದಿನಾಯಿಗಳಿಗೆ ಸಂತಾನಹರಣ ಮಾಡಿಸಬಹುದು. ಮರಿಗೂ ಇಷ್ಟು ದೂರದ ವಿಮಾನ ಬೇಕಾ?

ದಾವಣಗೆರೆ ಮಗಳು

ಬೇಜಾರಿಲ್ಲ ಸರ್. ಇದೇ ಪ್ರಶ್ನೆ ನಾನೂ ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ನಮಗೆ ಒಂದು ನಾಯಿ ಬೇಕು ಅಂತ ಇದ್ದಿದ್ದರೆ ನೀವು ಹೇಳಿದ ಹಾಗೆ ಶೆಲ್ಟರ್‌ಗೇ ಹೋಗುತ್ತಿದ್ದೆವು. ನಮಗೆ ಬೇಕಿರುವುದು ಚುಕ್ಕಿ. ಚರಂಡಿಯಿಂದ ಎತ್ತಿಕೊಂಡಾಗ ನನ್ನ ಮಗನ ಸ್ವೆಟರ್ ಒಳಗೇ ಮಲಗಿಬಿಟ್ಟಳು. ಅವಳನ್ನು ನೋಡಿಕೊಳ್ಳುತ್ತೇವೆ ಅಂತ ಅವತ್ತು ಮಾತು ಕೊಟ್ಟಾಗಿದೆ. ಸಂತಾನಹರಣದ ಮಾತು ಸರಿ. ನಮ್ಮ ಬೀದಿಯ ಉಳಿದ ಮೂರು ಹೆಣ್ಣು ನಾಯಿಗಳಿಗೆ ಈ ವರ್ಷವೇ ಮಾಡಿಸಲು ಅಪ್ಪನ ಹತ್ತಿರ ಮಾತಾಡಿದ್ದೇನೆ.

ಹುಬ್ಬಳ್ಳಿ ಹುಡುಗ

ಅಕ್ಕ, ಇಷ್ಟೆಲ್ಲಾ ಕಾಯುವುದು ಯಾಕೆ? ಪರಿಚಯದ ಡಾಕ್ಟರ್ ಹತ್ತಿರ ಲಸಿಕೆ ಪುಸ್ತಕದಲ್ಲಿ ಹಿಂದಿನ ದಿನಾಂಕ ಬರೆಸಿ. ವಯಸ್ಸೂ ಎರಡು ತಿಂಗಳು ಜಾಸ್ತಿ ಹಾಕಿಸಿ. ಬೀದಿ ನಾಯಿ ಹುಟ್ಟಿದ ದಿನ ಯಾರಿಗೆ ಗೊತ್ತು? ನನ್ನ ಗೆಳೆಯ ಕೆಲವು ವರ್ಷದ ಹಿಂದೆ ಹಾಗೇ ಮಾಡಿದ್ದ.

ಪಶುವೈದ್ಯೆ, ಬೆಂಗಳೂರು

ತಮ್ಮಾ, ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ಕೋಪದಲ್ಲಿ ಹೇಳುತ್ತಿಲ್ಲ. ಕಾರಣ ಹೇಳುತ್ತೇನೆ, ಕೇಳಿ.

2021ರ ಜೂನ್‌ನಲ್ಲಿ ಅಜರ್‌ಬೈಜಾನ್‌ನಿಂದ ಶಿಕಾಗೋಗೆ 33 ನಾಯಿ, ಒಂದು ಬೆಕ್ಕು ಬಂದವು. ಅನಾಥ ಪ್ರಾಣಿಗಳಿಗೆ ಮನೆ ಹುಡುಕಿಕೊಡುವ ಒಳ್ಳೆಯ ಮನಸ್ಸಿನವರೇ ತಂದಿದ್ದರು. ಎಲ್ಲದಕ್ಕೂ ಲಸಿಕೆ ಪತ್ರ ಇತ್ತು. ಅದರಲ್ಲಿ ಒಂದು ನಾಯಿ ಪೆನ್ಸಿಲ್ವೇನಿಯಾದ ಮನೆಗೆ ಹೋದ ಕೆಲವೇ ದಿನಕ್ಕೆ ಕಾಯಿಲೆ ಬಿತ್ತು. ಪರೀಕ್ಷೆ ಮಾಡಿದಾಗ ರೇಬೀಸ್. ಅದರ ಜೊತೆ ಬಂದ ಪ್ರಾಣಿಗಳು ಆಗಲೇ ಬೇರೆ ಬೇರೆ ರಾಜ್ಯಗಳಿಗೆ ಹೋಗಿದ್ದವು. ಒಂದೊಂದನ್ನೂ ಹುಡುಕಬೇಕಾಯಿತು. ಮುಟ್ಟಿದ ಜನ ಚುಚ್ಚುಮದ್ದು ತೆಗೆದುಕೊಳ್ಳಬೇಕಾಯಿತು. ಮರು ತಿಂಗಳೇ, 2021ರ ಜುಲೈ 14ರಿಂದ, ಸಿಡಿಸಿ ಅಪಾಯದ ಪಟ್ಟಿಯ ದೇಶಗಳಿಂದ ನಾಯಿ ತರುವುದನ್ನೇ ತಡೆಯಿತು. ವಿಶೇಷ ಅನುಮತಿ ಇಲ್ಲದೆ ತರುವ ಹಾಗಿರಲಿಲ್ಲ. ಅದಕ್ಕೂ ಮುಂಚೆ ಕೋವಿಡ್ ಕಾಲದಲ್ಲಿ ಸುಳ್ಳು ಪತ್ರಗಳು ಜಾಸ್ತಿಯಾಗಿದ್ದವು. ಚುಕ್ಕಿ ಈಗ ಆರು ತಿಂಗಳು ಕಾಯಬೇಕಾಗಿರುವುದಕ್ಕೆ ಅಂಥ ಸುಳ್ಳು ದಿನಾಂಕಗಳೂ ಒಂದು ಕಾರಣ.

ಅಮೆರಿಕ ನಾಯಿಗಳ ಮೂಲಕ ಹರಡುವ ರೇಬೀಸ್ ತಳಿಯನ್ನು ಪೂರ್ತಿ ತೊಲಗಿಸಿದೆವು ಅಂತ 2007ರಲ್ಲಿ ಘೋಷಿಸಿತು. ಬಾವಲಿ, ರಕೂನ್‌ಗಳಲ್ಲಿ ರೇಬೀಸ್ ಇನ್ನೂ ಇದೆ, ನಾಯಿ ತಳಿಯದು ಮಾತ್ರ ಹೋಗಿದೆ. ಅದನ್ನು ಮತ್ತೆ ಒಳಗೆ ಬಿಟ್ಟುಕೊಳ್ಳಬಾರದು ಅಂತ ಅವರು ಕಾಯುವುದರಲ್ಲಿ ತಪ್ಪೇನಿದೆ? ನಾನು ಹುಚ್ಚುನಾಯಿ ಕಚ್ಚಿದ ಮಗುವನ್ನು ನೋಡಿದವಳು. ಲಕ್ಷಣ ಶುರುವಾದ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಕಚ್ಚಿಸಿಕೊಂಡ ಮೇಲೆ ರೋಗ ವಾರಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ ಒಳಗೇ ಕೂತಿರುತ್ತದೆ. ನಾಯಿ ಹೊರಗೆ ಚೆನ್ನಾಗಿ ಓಡಾಡಿಕೊಂಡೇ ಇರುತ್ತದೆ. ಕಾಯುವ ದಿನಗಳು ಇರುವುದು ಅದಕ್ಕೇ.

ಇನ್ನೊಂದು ಮಾತು. ಬೀದಿಯಲ್ಲಿ ಹುಟ್ಟಿದ ಮರಿಯ ತಾಯಿಗೆ ಏನು ಕಚ್ಚಿತ್ತೋ ನಮಗೆ ಗೊತ್ತಿಲ್ಲ. ಚುಕ್ಕಿಯ ವಿಷಯದಲ್ಲೂ ಈ ಕಾಯುವಿಕೆ ನಿಮ್ಮ ಮಗನ ರಕ್ಷಣೆಗೇ.

ಹುಬ್ಬಳ್ಳಿ ಹುಡುಗ

ಇದು ನನಗೆ ಗೊತ್ತಿರಲಿಲ್ಲ ಮೇಡಂ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಅಕ್ಕ, ಕ್ಷಮಿಸಿ.

ಮ್ಯೂನಿಕ್ ಮನೆ

ಡಾಕ್ಟರು ಹೇಳಿದ "ಚಿಪ್ ಮೊದಲು" ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ನಾವು ಧಾರವಾಡದಿಂದ ಜರ್ಮನಿಗೆ ನಮ್ಮ ನಾಯಿ ತಂದೆವು. ಅಲ್ಲಿನ ಕ್ಲಿನಿಕ್‌ನಲ್ಲಿ ಚಿಪ್ ಸ್ಟಾಕ್ ಇರಲಿಲ್ಲ. ಸುಮ್ನೆ ಲಸಿಕೆ ಹಾಕಿ, ಚಿಪ್ ಮುಂದಿನ ವಾರ ಹಾಕೋಣ ಅಂದರು. ನಮಗೂ ಗೊತ್ತಾಗಲಿಲ್ಲ. ಆ ಒಂದು ವಾರದ ವ್ಯತ್ಯಾಸಕ್ಕೆ ಎಲ್ಲಾ ಮೊದಲಿಂದ ಶುರು ಮಾಡಬೇಕಾಯಿತು. ಮತ್ತೆ ಲಸಿಕೆ, ಮತ್ತೆ 30 ದಿನ, ಮತ್ತೆ ರಕ್ತ. ಯುರೋಪಿನಲ್ಲಿ ಭಾರತದ ನಾಯಿಗಳಿಗೆ ರಕ್ತ ತೆಗೆದ ಮೇಲೆ ಮೂರು ತಿಂಗಳು ಕಾಯಬೇಕು, 28 ದಿನ ಅಲ್ಲ. ಅಂದರೆ ಎಷ್ಟೇ ಬೇಗ ಶುರು ಮಾಡಿದರೂ ಹೊರಡುವ ಹೊತ್ತಿಗೆ ಮರಿಗೆ ಸುಮಾರು ಏಳು ತಿಂಗಳಾಗುತ್ತದೆ. ನಮ್ಮದು ಹತ್ತು ತಿಂಗಳಾಯಿತು. ಅಷ್ಟೂ ದಿನ ನೋಡಿಕೊಂಡಿದ್ದು ಅತ್ತೆ. ಕೊನೆಗೆ ಕಳಿಸಿಕೊಡುವಾಗ ಅವರೇ ಎರಡು ದಿನ ಊಟ ಬಿಟ್ಟಿದ್ದರು.

ಮೆಲ್ಬರ್ನ್ ಮಂಡ್ಯ

ನಿಮ್ಮ ದಾರಿ ಉದ್ದ ಇದ್ದರೂ ದಾರಿ ಅಂತ ಒಂದು ಇದೆಯಲ್ಲ. ಆಸ್ಟ್ರೇಲಿಯಾಗೆ ಭಾರತದಿಂದ ನೇರವಾಗಿ ನಾಯಿ ತರುವ ಹಾಗೇ ಇಲ್ಲ. ಅವರು ಒಪ್ಪಿದ ಇನ್ನೊಂದು ದೇಶಕ್ಕೆ ಮೊದಲು ಹೋಗಿ, ಅಲ್ಲಿ 180 ದಿನ ಇದ್ದು, ಅಲ್ಲಿಂದ ಬರಬೇಕು. ಬಂದ ಮೇಲೆ ಮೆಲ್ಬರ್ನ್ ಹತ್ತಿರದ ಮಿಕಲ್‌ಹಮ್‌ನ ಸರ್ಕಾರಿ ಕೇಂದ್ರದಲ್ಲಿ ಕನಿಷ್ಠ 10 ದಿನ, ಗುರುತಿನ ಪರಿಶೀಲನೆ ಮೊದಲೇ ಆಗಿಲ್ಲದಿದ್ದರೆ 30 ದಿನ. 2015ರಲ್ಲಿ ನಟ ಜಾನಿ ಡೆಪ್ ಎರಡು ಯಾರ್ಕ್‌ಶೈರ್ ಟೆರಿಯರ್ ನಾಯಿಗಳನ್ನು ಖಾಸಗಿ ವಿಮಾನದಲ್ಲಿ ಹೇಳದೆ ತಂದಿದ್ದರು. ವಾಪಸ್ ಕಳಿಸಿ, ಇಲ್ಲದಿದ್ದರೆ ಕೊಲ್ಲಿಸುತ್ತೇವೆ ಅಂತ ಆಗಿನ ಕೃಷಿ ಸಚಿವರು ಬಹಿರಂಗವಾಗಿಯೇ ಹೇಳಿದ್ದರು. ದೊಡ್ಡ ನಟನಿಗೂ ರಿಯಾಯಿತಿ ಸಿಗಲಿಲ್ಲ. ಈ ಖಂಡದ ನಾಯಿಗಳಲ್ಲಿ ರೇಬೀಸ್ ಇಲ್ಲ, ಅದನ್ನು ಹಾಗೇ ಉಳಿಸಿಕೊಂಡಿದ್ದಾರೆ. ನಾನು ಮಾತ್ರ ನಮ್ಮ ನಾಯಿ ರಾಜನನ್ನು ಮಂಡ್ಯದಲ್ಲಿ ಅಣ್ಣನ ಮನೆಯಲ್ಲೇ ಬಿಟ್ಟೆ. ಮೂರು ದೇಶ ಸುತ್ತಿಸುವ ವಯಸ್ಸು ಅವನದಾಗಿರಲಿಲ್ಲ. ಹನ್ನೊಂದು ವರ್ಷದ ನಾಯಿ. ಅವನಿಗೆ ಗದ್ದೆ ಬದುವೇ ಸರಿ ಅನ್ನಿಸಿತು.

ಮರಳಿ ಬೆಂಗಳೂರಿಗೆ

ಇದನ್ನು ಓದುವವರಲ್ಲಿ ಆ ಕಡೆಯಿಂದ ಈ ಕಡೆಗೆ ತರುವವರೂ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ನಾವು ನ್ಯೂಜೆರ್ಸಿಯಿಂದ ವಾಪಸ್ ಬರುವಾಗ ನಮ್ಮ ಬೀಗಲ್ ನಾಯಿಯನ್ನು ಕರೆತಂದೆವು. ಎರಡು ವರ್ಷ ಹೊರಗಿದ್ದು ಖಾಯಂ ಆಗಿ ವಾಪಸ್ ಬರುವವರು ಸಾಕುಪ್ರಾಣಿಯನ್ನು ಬ್ಯಾಗೇಜ್ ಲೆಕ್ಕದಲ್ಲಿ ತರಬಹುದು, ಎರಡರವರೆಗೆ. ಕೇಂದ್ರದ ಪ್ರಾಣಿ ಕ್ವಾರಂಟೈನ್ ಇಲಾಖೆಯಿಂದ, ಅಂದರೆ ಎಕ್ಯೂಸಿಎಸ್‌ನಿಂದ, ಹೊರಡುವ ಮೊದಲೇ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತೆಗೆದುಕೊಳ್ಳಬೇಕು. ಅವರ ಕಚೇರಿ ಇರುವ ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್, ಬೆಂಗಳೂರು ಈ ಆರು ಊರುಗಳಲ್ಲೇ ಇಳಿಯಬೇಕು. ಬೆಂಗಳೂರಿನ ಕೇಂದ್ರ ಹೆಸರಘಟ್ಟದಲ್ಲಿದೆ. ಪತ್ರ ಎಲ್ಲಾ ಸರಿ ಇದ್ದುದರಿಂದ ನಮ್ಮ ಬೀಗಲ್ ಅವತ್ತೇ ಮನೆಗೆ ಬಂದಿತು.

ಹೊರದೇಶದ ಬ್ರೀಡರ್‌ನಿಂದ ಮರಿ "ತರಿಸಿಕೊಳ್ಳುವ" ಯೋಚನೆ ಇರುವವರು ಇಲ್ಲಿಗೇ ನಿಲ್ಲಿಸಿ. 2016ರ ಏಪ್ರಿಲ್‌ನಲ್ಲಿ ಕೇಂದ್ರದ ವಿದೇಶ ವ್ಯಾಪಾರ ಇಲಾಖೆ, ಅಂದರೆ ಡಿಜಿಎಫ್‌ಟಿ, ನಾಯಿ ಆಮದನ್ನು ಬಿಗಿ ಮಾಡಿತು. ತಳಿ ಬೆಳೆಸಿ ಮಾರಲು ತರುವುದಕ್ಕೆ ಅನುಮತಿ ಇಲ್ಲ. ಉಳಿದಿರುವುದು ಪತ್ರ ಎಲ್ಲಾ ನಿಮ್ಮ ಹೆಸರಿನಲ್ಲೇ ಇರುವ ನಿಮ್ಮದೇ ಸಾಕುನಾಯಿ, ಸಂಶೋಧನೆಯ ನಾಯಿ, ಸೇನೆ ಮತ್ತು ಪೊಲೀಸರ ನಾಯಿ ಅಷ್ಟೇ.

ಮೈಸೂರು ಮೇಷ್ಟ್ರು

ಮೇಲಿನ ಮಾತಿಗೆ ನನ್ನದೂ ಸೇರಿಸಿ. ಮಗಳ ಹುಟ್ಟುಹಬ್ಬಕ್ಕೆ ಅಂತ ಒಬ್ಬರ ಹತ್ತಿರ "ಇಂಪೋರ್ಟೆಡ್" ಹಸ್ಕಿ ಮರಿಗೆ ಅಡ್ವಾನ್ಸ್ ಕೊಟ್ಟೆ. ಆಮೇಲೆ "ವಿಮಾನ ನಿಲ್ದಾಣದಲ್ಲಿ ಕ್ವಾರಂಟೈನ್‌ಗೆ ಹಿಡಿದಿದ್ದಾರೆ, ಬಿಡಿಸಲು ಫೀಸ್ ಕಟ್ಟಿ" ಅಂತ ಫೋನ್. ಕಟ್ಟಿದೆ. ಮತ್ತೆ ಫೋನ್, ವಿಮೆ ಅಂತ. ಮರಿ ಬರಲೇ ಇಲ್ಲ. ಇರಲೇ ಇಲ್ಲ ಅಂತ ಪೊಲೀಸರು ಹೇಳಿದರು. ಕ್ವಾರಂಟೈನ್ ಹೆಸರಿನಲ್ಲಿ ಯಾರಾದರೂ ವಾಟ್ಸಾಪ್‌ನಲ್ಲಿ ದುಡ್ಡು ಕೇಳಿದರೆ ಕೊಡಬೇಡಿ. ಸರ್ಕಾರಿ ಕೇಂದ್ರ ಹಾಗೆ ಕೇಳುವುದಿಲ್ಲ. ಮಗಳು ಎಷ್ಟೋ ದಿನ ಬಾಗಿಲು ಕಾಯುತ್ತಿದ್ದಳು. ಆ ನೋವು ದುಡ್ಡು ಹೋದದ್ದಕ್ಕಿಂತ ಜಾಸ್ತಿ.

ದಾವಣಗೆರೆ ಮಗಳು (ಮೇ 2025)

ಎಲ್ಲರಿಗೂ ಒಂದು ಸುದ್ದಿ. ಚುಕ್ಕಿಯ ಟೈಟರ್ 0.5 ದಾಟಿ ಬಂತು! ಆದರೆ ನಡುವೆ ಒಂದು ಗಂಡಾಂತರ ಆಯಿತು. ಚಿಪ್ ನಂಬರ್ 15 ಅಂಕಿ. ಲಸಿಕೆ ಪುಸ್ತಕದಲ್ಲಿ ಬರೆಯುವಾಗ ಎರಡು ಅಂಕಿ ಹಿಂದುಮುಂದಾಗಿತ್ತು. ಕಂಡುಹಿಡಿದಿದ್ದು ಅಪ್ಪ. ಬ್ಯಾಂಕಿನಲ್ಲಿ 35 ವರ್ಷ ಕೆಲಸ ಮಾಡಿದವರು, ಪಕ್ಕದಲ್ಲಿ ಅಡಿಪಟ್ಟಿ ಇಟ್ಟು ಒಂದೊಂದೇ ಅಂಕಿ ತಾಳೆ ನೋಡಿದ್ದಾರೆ. ರಕ್ತದ ಜೊತೆ ಹೋಗುವ ಫಾರ್ಮ್ ತುಂಬುವ ಮುಂಚೆಯೇ ಸಿಕ್ಕಿತು. ಡಾಕ್ಟರು ಚುಕ್ಕಿಯನ್ನು ಮತ್ತೆ ಸ್ಕ್ಯಾನ್ ಮಾಡಿ, ತಿದ್ದಿ, ಸಹಿ ಸೀಲು ಹಾಕಿಕೊಟ್ಟರು.

ಈಗ ಎರಡು ಪ್ರಶ್ನೆ. ಡಲ್ಲಾಸ್‌ನಲ್ಲೇ ಇಳಿಯಬಹುದಾ? ಮತ್ತೆ ಜುಲೈನಲ್ಲಿ ಬರಬೇಕಾ, ಗಣೇಶ ಹಬ್ಬಕ್ಕೆ ಊರಿಗೆ ಹೋದಾಗ ಕರೆತರಬೇಕಾ?

ಎಡಿಸನ್ ದಂಪತಿ

ಹಬ್ಬಕ್ಕೇ ಹೋಗಿ. ಡಲ್ಲಾಸ್‌ನಲ್ಲಿ ಜುಲೈ ಬಿಸಿಲು ನಿಮಗೆ ಗೊತ್ತೇ ಇದೆ. ತುಂಬಾ ಸೆಖೆ ಇರುವ ದಿನಗಳಲ್ಲಿ ಕೆಲವು ಏರ್‌ಲೈನ್ಸ್ ಕಾರ್ಗೋದಲ್ಲಿ ನಾಯಿ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ಅಪಾಯ.

ಡಲ್ಲಾಸ್‌ನಲ್ಲಿ ಇಳಿಯಲು ಆಗುವುದಿಲ್ಲ. ಹೊರದೇಶದಲ್ಲಿ ಲಸಿಕೆ ಹಾಕಿಸಿದ, ಅಪಾಯದ ಪಟ್ಟಿಯ ದೇಶದ ನಾಯಿ ಸಿಡಿಸಿ ನೋಂದಾಯಿಸಿದ ಆರೈಕೆ ಕೇಂದ್ರ ಇರುವ ವಿಮಾನ ನಿಲ್ದಾಣದಲ್ಲೇ ಇಳಿಯಬೇಕು. ಅಂಥವು ಕೆಲವೇ ಇವೆ. ನಾವು ಕಳೆದ ವರ್ಷದ ಕೊನೆಗೆ ಮೈಸೂರಿನಿಂದ ನಮ್ಮ ನಾಯಿ ಬೊಮ್ಮನನ್ನು ನ್ಯೂಯಾರ್ಕಿನ ಜೆಎಫ್‌ಕೆಗೆ ತಂದೆವು. ಕೇಂದ್ರದಲ್ಲಿ ಮೊದಲೇ ಜಾಗ ಕಾಯ್ದಿರಿಸಬೇಕು. ಅಲ್ಲಿ ಪಶುವೈದ್ಯರು ಚಿಪ್ ಓದುತ್ತಾರೆ, ಮೈ ಪರೀಕ್ಷೆ ಮಾಡುತ್ತಾರೆ, ಅಮೆರಿಕದ ರೇಬೀಸ್ ಲಸಿಕೆ ಮತ್ತೊಮ್ಮೆ ಹಾಕುತ್ತಾರೆ. ಟೈಟರ್ ಸರಿ ಇದ್ದರೆ ಅಷ್ಟಕ್ಕೆ ಬಿಡುತ್ತಾರೆ. ಟೈಟರ್ ಇಲ್ಲದಿದ್ದರೆ ಮಾತ್ರ 28 ದಿನ, ಅದೂ ನಮ್ಮ ಖರ್ಚಿನಲ್ಲಿ. ಬೊಮ್ಮ ಅರ್ಧ ದಿನದಲ್ಲಿ ಹೊರಗೆ ಬಂದ. ಪಕ್ಕದ ಗೂಡಿನಲ್ಲಿದ್ದ ಒಂದು ನಾಯಿ ಟೈಟರ್ ಇಲ್ಲದೆ ಬಂದಿತ್ತಂತೆ. ಅದರ ಮನೆಯವರು ಗಾಜಿನ ಆಚೆ ಅಳುತ್ತಾ ನಿಂತಿದ್ದರು. ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕೊನೆ ವಾರದ ಕೆಲಸಗಳು ಜಾಸ್ತಿ ಇರುತ್ತವೆ. ಲಸಿಕೆ ಮತ್ತು ಚಿಪ್‌ನ ಸಿಡಿಸಿ ಫಾರ್ಮ್‌ಗೆ ನಿಮ್ಮ ಡಾಕ್ಟರ ಸಹಿ ಸಾಲದು, ಸರ್ಕಾರಿ ಪಶುವೈದ್ಯಾಧಿಕಾರಿ ದೃಢೀಕರಿಸಬೇಕು. ನಮ್ಮ ದೇಶದಲ್ಲಿ ಸ್ಕ್ರೂವರ್ಮ್ ಅನ್ನುವ, ಗಾಯದಲ್ಲಿ ಹುಳು ಮಾಡುವ ನೊಣ ಇದೆ. ಅದು ಇಲ್ಲ ಅಂತ ಹೊರಡುವ ಐದು ದಿನದ ಒಳಗೆ ಸರ್ಕಾರಿ ಡಾಕ್ಟರ ಹತ್ತಿರ ಬೇರೆ ಪತ್ರ ಬೇಕು. ವರ್ಷದ ಒಳಗಿನ ನಾಯಿ ಆದ್ದರಿಂದ ಇಂಪೋರ್ಟ್ ಫಾರ್ಮ್‌ಗೆ ಹಾಕುವ ಫೋಟೋ ಬರುವ ಹತ್ತು ದಿನದ ಒಳಗೆ ತೆಗೆದದ್ದಾಗಿರಬೇಕು. ಮರಿಗಳು ಬೇಗ ಬದಲಾಗುತ್ತವೆ ನೋಡಿ.

ಮತ್ತೆ, ಕಾಲು ತೊಳೆಸಿ! ದನಗಳ ಕಾಲುಬಾಯಿ ಜ್ವರ ಇರುವ ದೇಶದಿಂದ ಬರುವ ನಾಯಿಯ ಪಾದ, ಕೂದಲು, ಹಾಸಿಗೆಯಲ್ಲಿ ಮಣ್ಣು, ಹುಲ್ಲು, ಸಗಣಿ ಇರಬಾರದು. ಭಾದ್ರಪದದ ಕೆಸರು ಅಂದರೆ ಕೇಳಬೇಕೇ. ಹೊರಡುವ ದಿನ ಸ್ನಾನ ಮಾಡಿಸಿ, ಕ್ರೇಟ್‌ಗೆ, ಅಂದರೆ ಪ್ರಯಾಣದ ಗೂಡಿಗೆ, ಶುಚಿಯಾದ ಬಟ್ಟೆ ಹಾಕಿ.

ಪಶುವೈದ್ಯೆ, ಬೆಂಗಳೂರು

ಕ್ರೇಟ್ ಈಗಲೇ ಕೊಂಡುಕೊಳ್ಳಿ, ಆಗಸ್ಟ್‌ವರೆಗೆ ಕಾಯಬೇಡಿ. ಒಳಗೆ ಅವಳು ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಬಾಗಿಲು ತೆಗೆದು ಪಡಸಾಲೆಯಲ್ಲಿ ಇಡಿ. ದಿನಾ ಊಟ ಅದರೊಳಗೇ ಹಾಕಲು ಹೇಳಿ. ಮೊದಲ ವಾರ ಬಾಗಿಲು ಮುಚ್ಚಬೇಡಿ. ಆಮೇಲೆ ಐದು ನಿಮಿಷ, ಹತ್ತು ನಿಮಿಷ. ಅಪ್ಪ ಅಮ್ಮನ ಹಳೆ ಸೀರೆ ಪಂಚೆ ಚೂರು ಒಳಗೆ ಹಾಸಿದರೆ ವಾಸನೆಗೆ ಸಮಾಧಾನ ಆಗುತ್ತದೆ. ಹೊರಡುವಾಗ ಅದೇ ಬಟ್ಟೆ ಒಗೆದು ಹಾಕಿ.

ನಿದ್ದೆ ಮಾತ್ರೆ ಕೊಡಬೇಡಿ. ಯಾರು ಹೇಳಿದರೂ ಬೇಡ. ಎತ್ತರದಲ್ಲಿ ಉಸಿರು, ರಕ್ತದೊತ್ತಡ ಏರುಪೇರಾಗಬಹುದು. ಏರ್‌ಲೈನ್ಸ್‌ನವರೂ ಮಂಪರಿನಲ್ಲಿರುವ ನಾಯಿಯನ್ನು ಒಪ್ಪುವುದಿಲ್ಲ. ಪಗ್, ಬುಲ್‌ಡಾಗ್ ಥರ ಚಪ್ಪಟೆ ಮೂಗಿನ ನಾಯಿ ಇರುವವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಿ. ಅವುಗಳನ್ನು ಎಷ್ಟೋ ಏರ್‌ಲೈನ್ಸ್ ಕಾರ್ಗೋದಲ್ಲಿ ತೆಗೆದುಕೊಳ್ಳುವುದೇ ಇಲ್ಲ. ಚುಕ್ಕಿಗೆ ನಮ್ಮ ಊರ ನಾಯಿಯ ಉದ್ದ ಮೂಗಿದೆ, ಆ ಚಿಂತೆ ಇಲ್ಲ.

ದಾವಣಗೆರೆ ಮಗಳು (ಸೆಪ್ಟೆಂಬರ್ 2025)

ಚುಕ್ಕಿ ಮನೆಯಲ್ಲಿದ್ದಾಳೆ. ಸೋಫಾ ಕೆಳಗೆ ಮಗನ ಚಪ್ಪಲಿ ಇಟ್ಟುಕೊಂಡು ಮಲಗಿದ್ದಾಳೆ.

ಗಣೇಶನನ್ನು ಬಿಟ್ಟ ಮೇಲೆ ದಾವಣಗೆರೆಯಿಂದ ಕಾರಿನಲ್ಲಿ ಬೆಂಗಳೂರಿಗೆ ಬಂದೆವು. ಹೊರಡುವ ಮುಂಚೆ ಅಮ್ಮ ಅವಳ ನಾಲ್ಕೂ ಕಾಲನ್ನು ಬಿಸಿನೀರಿನಲ್ಲಿ ತೊಳೆದು, ಟವೆಲ್‌ನಲ್ಲಿ ಒರೆಸಿ, ಹಣೆ ಬೊಟ್ಟಿನ ಮೇಲೆ ಕುಂಕುಮ ಇಟ್ಟರು. ವಿಮಾನ ನಿಲ್ದಾಣದಲ್ಲಿ ಅದನ್ನು ಒರೆಸಲು ನನಗೆ ಮನಸ್ಸು ಬರಲಿಲ್ಲ. ಚೆಕ್ ಇನ್‌ನಲ್ಲಿ ಒಂದೊಂದು ಪತ್ರವನ್ನೂ ನೋಡಿದರು. ಒಂದು ಕಮ್ಮಿ ಇದ್ದರೂ ಹತ್ತಿಸುತ್ತಿರಲಿಲ್ಲ. ಅಪ್ಪ ಎಲ್ಲವನ್ನೂ ನಂಬರ್ ಹಾಕಿ ಫೈಲ್ ಮಾಡಿಕೊಟ್ಟಿದ್ದರು.

ನ್ಯೂಯಾರ್ಕಿನಲ್ಲಿ ಕೇಂದ್ರದಿಂದ ಹೊರಗೆ ಬರಲು ಏಳು ಗಂಟೆ ಆಯಿತು. ಆ ಏಳು ಗಂಟೆ ನನ್ನ ಬಾಯಿಗೆ ನೀರು ಹೋಗಲಿಲ್ಲ. ಅವಳು ಹೊರಗೆ ಬಂದವಳೇ ಮೊದಲು ಹುಲ್ಲಿನ ಮೇಲೆ ಕೂತು ಮುಗಿಸಿಕೊಂಡು, ಆಮೇಲೆ ನನ್ನ ಕಡೆ ಓಡಿ ಬಂದಳು. ಎಡಿಸನ್ ದಂಪತಿ ಗುರುತು ಪರಿಚಯ ಇಲ್ಲದ ನಮ್ಮನ್ನು ಮನೆಗೆ ಕರೆದು ಬಿಸಿಬೇಳೆಬಾತ್ ಹಾಕಿದರು. ಬೊಮ್ಮ ಅವಳಿಗೆ ತನ್ನ ಹಾಸಿಗೆ ಬಿಟ್ಟುಕೊಟ್ಟ. ಮತ್ತೆ ವಿಮಾನ ಹತ್ತಿಸುವ ಮನಸ್ಸಾಗದೆ ಬಾಡಿಗೆ ಕಾರಿನಲ್ಲಿ ಮೂರು ದಿನ ಓಡಿಸಿಕೊಂಡು ಡಲ್ಲಾಸ್ ಸೇರಿದೆವು.

ಅಪ್ಪ ಈಗ ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತಾರೆ. ನನಗಲ್ಲ, ಅವಳಿಗೆ. ಮುಂದಿನ ವರ್ಷ ಊರಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗೋಣ ಅಂತಿದ್ದೇವೆ. ವಾಪಸ್ ಬರುವಾಗ ಮತ್ತೆ ಇದೆಲ್ಲಾ ಮಾಡಬೇಕಾ?

ಪಶುವೈದ್ಯೆ, ಬೆಂಗಳೂರು

ಇದನ್ನು ಓದಿ ಕಣ್ಣು ತುಂಬಿ ಬಂತು. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ಅಷ್ಟೆಲ್ಲಾ ಬೇಡ, ಆದರೆ ಒಂದು ಕೆಲಸ ಅಮೆರಿಕ ಬಿಡುವ ಮುಂಚೆಯೇ ಆಗಬೇಕು. ಅಲ್ಲಿ ಹಾಕಿದ ಲಸಿಕೆಗೆ ಸಿಡಿಸಿಯ ಇನ್ನೊಂದು ಫಾರ್ಮ್ ಇದೆ, ಅಮೆರಿಕದಲ್ಲಿ ಲಸಿಕೆ ಆದ ನಾಯಿಗಳದು. ಅದನ್ನು ಅಲ್ಲಿನ ಪಶುವೈದ್ಯರಿಂದ ತುಂಬಿಸಿ, ಅಮೆರಿಕದ ಕೃಷಿ ಇಲಾಖೆಯಿಂದ (ಯುಎಸ್‌ಡಿಎ) ದೃಢೀಕರಿಸಿಕೊಳ್ಳಿ. ಆ ಲಸಿಕೆಯ ಅವಧಿ ಮುಗಿಯದ ಹಾಗೆ ನೋಡಿಕೊಳ್ಳಿ. ಆಗ ವಾಪಸ್ ಬರುವಾಗ ಟೈಟರ್ ಬೇಡ, ಆರೈಕೆ ಕೇಂದ್ರವೂ ಬೇಡ, ನೇರ ಡಲ್ಲಾಸ್‌ನಲ್ಲೇ ಇಳಿಯಬಹುದು. ಹೊರಟ ಮೇಲೆ ನೆನಪಾದರೆ ಆ ಫಾರ್ಮ್ ಮಾಡಿಸಲು ಆಗುವುದಿಲ್ಲ. ಈ ಕಡೆ ಬರಲು ಬೆಂಗಳೂರಿನ ಎನ್‌ಒಸಿ ಬೇರೆ. ನಿಮ್ಮದು ಖಾಯಂ ವಾಪಸಾತಿ ಅಲ್ಲದ್ದರಿಂದ ಬ್ಯಾಗೇಜ್ ನಿಯಮ ನಿಮಗೆ ಅನ್ವಯಿಸುವುದಿಲ್ಲ. ಹೆಸರಘಟ್ಟದ ಕಚೇರಿಗೆ ಮೂರ್ನಾಲ್ಕು ತಿಂಗಳು ಮುಂಚೆಯೇ ಬರೆದು ಕೇಳಿ, ಆಮೇಲೆ ಟಿಕೆಟ್ ಮಾಡಿ.

ದಾವಣಗೆರೆ ಮಗಳು

ಬರೆದಿಟ್ಟುಕೊಂಡೆ ಮೇಡಂ. ಅಪ್ಪನಿಗೂ ಓದಿ ಹೇಳಿದೆ. ಆಗಲೇ ಹೊಸ ಫೈಲ್ ತೆಗೆದು, ಮೇಲೆ "ಚುಕ್ಕಿ, 2026" ಅಂತ ಬರೆದಿದ್ದಾರಂತೆ.